ಧಾರಿಣಿಯ ಸಿಹಿ ಈರುಳ್ಳಿ ಡ್ರೆಸ್ಸಿಂಗ್

ಗ್ರೇಟರ್ ನೋಯ್ಡಾದ ಆ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಧಾರಿಣಿಯ ಹೆಸರು ಬಹಳ ಜನಕ್ಕೆ ಗೊತ್ತಿರಲಿಲ್ಲ. ಲಿಫ್ಟಿನಲ್ಲಿ, ಪಾರ್ಕಿನಲ್ಲಿ, ಗೇಟಿನ ಮುಂದಿನ ತರಕಾರಿ ಗಾಡಿಯ ಹತ್ತಿರ ಅವಳು ಎಲ್ಲರಿಗೂ 'ಪ್ಯಾಜ್‌ವಾಲಿ ಭಾಭಿ', ಈರುಳ್ಳಿಯ ಅತ್ತಿಗೆ. ಚಳ್ಳಕೆರೆಯ ಈರುಳ್ಳಿ ಮಂಡಿಗಳ ಪಕ್ಕದ ಬೀದಿಯಲ್ಲಿ ಬೆಳೆದ ಹುಡುಗಿ ಸಿಎ ಓದುತ್ತೇನೆಂದು ದೆಹಲಿಗೆ ಹೋಗಿ, ಕೊನೆಗೆ ಅಲ್ಲಿಯೂ ಈರುಳ್ಳಿಯ ಹೆಸರಿನಲ್ಲೇ ಗುರುತಾದಳಲ್ಲ ಎಂದು ಅವಳ ಅಮ್ಮ ಫೋನಿನಲ್ಲಿ ನಗುತ್ತಿದ್ದರು. ಧಾರಿಣಿಯೂ ನಗುತ್ತಿದ್ದಳು. ಸಿಎ ಪರೀಕ್ಷೆ ಅವಳ ಕೈಗೆ ಹತ್ತಿರಲಿಲ್ಲ. ಬರೆದು ಬರೆದು ಸೋತು, ನೋಯ್ಡಾದ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಅದೂ ಬೇಸರವಾಗಿ ಬಿಟ್ಟಿದ್ದಳು. ಈ ಒಂದು ಹೆಸರು ಮಾತ್ರ ಅವಳು ತಾನಾಗಿ ಸಂಪಾದಿಸಿದ್ದು.

ಅದು ಶುರುವಾದದ್ದು ದೆಹಲಿಯ ಲಕ್ಷ್ಮೀ ನಗರದ ಬಾಡಿಗೆ ಕೋಣೆಯಲ್ಲಿ. ಕೋಚಿಂಗಿಗೆ ಬಂದ ಹುಡುಗಿಯರು ಗೂಡಿನಲ್ಲಿ ಪಾರಿವಾಳಗಳಂತೆ ತುಂಬಿಕೊಂಡಿದ್ದ ಕಟ್ಟಡ. ಟಿಫಿನ್ ಡಬ್ಬಿಯ ಊಟ ದಿನವೂ ಒಂದೇ ರುಚಿ. ಅದರ ಜೊತೆಗೆ ಬರುತ್ತಿದ್ದ ಹಸಿ ಈರುಳ್ಳಿಯ ಬಿಲ್ಲೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಧಾರಿಣಿ ಒಂದು ದಿನ ಅವನ್ನೆಲ್ಲ ಒಟ್ಟುಮಾಡಿ, ಇಂಡಕ್ಷನ್ ಒಲೆಯ ಮೇಲೆ ಎಣ್ಣೆಯಲ್ಲಿ ನಿಧಾನಕ್ಕೆ ಬಾಡಿಸಿ, ಆರಿಸಿ, ವಿನೆಗರ್, ಸಾಸಿವೆ, ಒಂದು ಚೂರು ಬೆಲ್ಲ ಹಾಕಿ ರುಬ್ಬಿದಳು. ಸೌತೆಕಾಯಿ, ಟೊಮೆಟೊ ಮೇಲೆ ಸುರಿದುಕೊಂಡು ತಿಂದರೆ ಡಬ್ಬಿಯ ಊಟವೂ ಗಂಟಲಲ್ಲಿ ಇಳಿಯಿತು. ಅವಳ ಜೊತೆಗಿದ್ದ ಲಾವಣ್ಯಾ ಉಡುಪಿ ಕಡೆಯವಳು. ಮನೆ ಮಾಲೀಕರು ಊರಲ್ಲಿಲ್ಲದ ದಿನ ನೋಡಿಕೊಂಡು ಅವಳು ಕೋಳಿ ತಂದು, ಉಳಿದ ಡ್ರೆಸ್ಸಿಂಗನ್ನೆಲ್ಲ ಅದಕ್ಕೆ ಸವರಿ ನೆನೆಸಿಟ್ಟು ಹುರಿದಳು. "ಧಾರಿಣಿ, ಇದು ಸಲಾಡಿಗೆ ಮಾಡಿದ್ದಲ್ಲ ಮಾರಾಯ್ತಿ, ಕೋಳಿಗೆ ಮಾಡಿದ್ದು" ಎಂದು ಬೆರಳು ಚೀಪಿದಳು. ಧಾರಿಣಿ ಮಾಂಸ ತಿನ್ನುವವಳಲ್ಲ. ಮಾರನೆಯ ದಿನ ಪನೀರ್ ನೆನೆಸಿಟ್ಟು ನೋಡಿದಳು. ಲಾವಣ್ಯಾ ಹೇಳಿದ್ದು ನಿಜವಾಗಿತ್ತು.

ಮದುವೆಯಾಗಿ ಗ್ರೇಟರ್ ನೋಯ್ಡಾಕ್ಕೆ ಬಂದ ಮೇಲೆ ಅದೇ ಡ್ರೆಸ್ಸಿಂಗು ಬಾಟಲಿಗೆ ಇಳಿಯಿತು. ಗಂಡ ಇಂದುಶೇಖರ ಮಾನೇಸರಿನ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್. ಬೆಳಕು ಹರಿಯುವ ಮೊದಲೇ ಕಾರು ತೆಗೆದು ಹೊರಟರೆ ಮರಳುವುದು ಕತ್ತಲಾದ ಮೇಲೆ. ಹಗಲೆಲ್ಲ ಒಬ್ಬಳೇ ಇರುತ್ತಿದ್ದ ಧಾರಿಣಿ ಅಕ್ಕಪಕ್ಕದವರಿಗೆ ಒಂದೊಂದು ಬಾಟಲಿ ಕೊಟ್ಟಳು. ಅವರು ಇನ್ನೊಂದು ಕೇಳಿದರು. ಕೇಳಿದವರು ಇನ್ನೊಬ್ಬರಿಗೆ ಹೇಳಿದರು. ಪಾರ್ಟಿಗಳಿಗೆ, ಹೆಂಗಸರ ಕಿಟ್ಟಿ ಕೂಟಗಳಿಗೆ, ಹೋಳಿಯ ತಂದೂರಿಗೆ ಅವಳ ಬಾಟಲಿ ಹೋಗತೊಡಗಿತು.

ಹೇಗೆ ಮಾಡುತ್ತೀ ಎಂದು ಕೇಳಿದವರಿಗೆ ಅವಳು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಈರುಳ್ಳಿ ಒಂದೇ ದಪ್ಪಕ್ಕೆ ಹೆಚ್ಚಿ. ಉರಿ ಸಣ್ಣಗಿರಲಿ. ಮೊದಲು ಕಣ್ಣಿಗೆ ಚುಚ್ಚುವ ಘಾಟು ಬರುತ್ತದೆ. ಆಮೇಲೆ ಬೆಂದ ಗೋಣಿಚೀಲದಂಥ ಒಂದು ಮಂಕು ವಾಸನೆ. ಅವಸರದವರು ಅಲ್ಲೇ ಒಲೆ ಆರಿಸಿಬಿಡುತ್ತಾರೆ. ತಾಳಿಕೊಂಡು ಕೈಯಾಡಿಸುತ್ತಾ ನಿಂತರೆ, ಇದ್ದಕ್ಕಿದ್ದಂತೆ ಪಾಕದ ಅಂಚಿನ ಹಾಗೆ ಸಿಹಿ ಕಂಪು ಏಳುತ್ತದೆ. ಆಗ ಇಳಿಸಬೇಕು. ಒಂದು ಗಳಿಗೆ ತಡವಾದರೂ ಕಹಿ. "ಬಣ್ಣ ನೋಡಿ ಮೋಸ ಹೋಗಬೇಡಿ, ಮೂಗಿಗೆ ಬಿಡಿ" ಎನ್ನುತ್ತಿದ್ದಳು. ರುಬ್ಬುವಾಗ ಎಣ್ಣೆಯನ್ನು ನೂಲಿನ ಹಾಗೆ ಬಿಟ್ಟರೆ ಅದು ಒಡೆಯದೆ ಮಜ್ಜಿಗೆಹುಳಿಯಷ್ಟು ಗಟ್ಟಿಯಾಗಿ ಕೂಡಿಕೊಳ್ಳುತ್ತಿತ್ತು. ಕೇಳಿಸಿಕೊಂಡವರು ಮನೆಯಲ್ಲಿ ಮಾಡಿ ನೋಡಿ, ಸರಿಬಾರದೆ ಮತ್ತೆ ಅವಳಲ್ಲಿಗೇ ಬರುತ್ತಿದ್ದರು.

ಎದುರು ಮನೆಯ ಭಸೀನ್ ದಂಪತಿ ಅವಳ ಮೊದಲ ಗಿರಾಕಿಗಳು. ಭಸೀನ್ ಸಾಹೇಬರು ರೈಲ್ವೆಯಿಂದ ನಿವೃತ್ತರಾದ ಹಿರಿಯರು, ಎಂಬತ್ತು ದಾಟಿದವರು. ಹೆಂಡತಿ ಕುಸುಮ್ ಆಂಟಿ ಅವರಿಗಿಂತ ಗಟ್ಟಿ. ಮಗಳು ಜಲಂಧರಿನಲ್ಲಿ. ಸಾಹೇಬರಿಗೆ ಊಟದ ಮೇಲೆ ಆಸೆಯೇ ಹೊರಟುಹೋಗಿತ್ತು. ಧಾರಿಣಿಯ ಡ್ರೆಸ್ಸಿಂಗು ಹಾಕಿದ ಸೌತೆಕಾಯಿಯೊಂದನ್ನು ಮಾತ್ರ ಕೇಳಿ ಕೇಳಿ ತಿನ್ನುತ್ತಿದ್ದರು. ಅದನ್ನವರು 'ಚಟ್ನಿ' ಎನ್ನುತ್ತಿದ್ದರು. ವಿನೆಗರ್ ಅವರ ಹೊಟ್ಟೆಗೆ ಆಗುತ್ತಿರಲಿಲ್ಲವೆಂದು ಧಾರಿಣಿ ಅವರೊಬ್ಬರಿಗೆಂದೇ ಒಂದು ಬಾಟಲಿ ಬೇರೆ ಮಾಡುತ್ತಿದ್ದಳು. ಅದರಲ್ಲಿ ಹುಳಿ ಹೆಸರಿಗಷ್ಟೇ, ಈರುಳ್ಳಿ ಹೆಚ್ಚು.

"ನನ್ನ ಮಗಳು ದೂರ ಇದ್ದಾಳೆ ಅನ್ನೋದೇ ಮರೆತುಹೋಗಿದೆ ಬೇಟಾ" ಎಂದು ಸಾಹೇಬರು ಹೇಳಿದ ದಿನ ಅವಳು ಮನೆಗೆ ಬಂದು ಸುಮ್ಮನೆ ಅಡುಗೆಮನೆಯಲ್ಲಿ ನಿಂತುಕೊಂಡಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಷ್ಟು ಅಕ್ಕರೆಯಿಂದ ಅವಳನ್ನು ಯಾರೂ ಮಾತಾಡಿಸಿರಲಿಲ್ಲ.

ಕಳೆದ ದೀಪಾವಳಿಯ ನಂತರ, ಊರಿಗೆ ಊರೇ ಹೊಗೆಯಲ್ಲಿ ಮುಳುಗಿ ಎಲ್ಲರೂ ಕೆಮ್ಮುತ್ತಿದ್ದ ದಿನಗಳಲ್ಲಿ, ಧಾರಿಣಿಗೆ ಜ್ವರ ಬಂತು. ಮೂಗು ಕಟ್ಟಿತು. ಜ್ವರ ಬಿಟ್ಟಿತು, ಮೂಗೂ ಬಿಟ್ಟಿತು. ಎದ್ದು ಸ್ನಾನ ಮಾಡಿ, ತಡವಾಗಿದ್ದ ಆರ್ಡರುಗಳಿಗಾಗಿ ಈರುಳ್ಳಿ ಹೆಚ್ಚಿದಳು. ಕಣ್ಣಲ್ಲಿ ಎಂದಿನಂತೆ ನೀರು ಸುರಿಯಿತು. ಬಾಣಲೆಗೆ ಹಾಕಿ ಕೈಯಾಡಿಸುತ್ತಾ ಕಂಪು ಏಳಲೆಂದು ಕಾದಳು. ಕಾಯುತ್ತಲೇ ಇದ್ದಳು. ಇಂದುಶೇಖರ ಬಚ್ಚಲಿನಿಂದ ಅರ್ಧ ಒದ್ದೆ ಮೈಯಲ್ಲೇ ಓಡಿ ಬಂದ.

"ಧಾರಿಣಿ, ಏನ್ ಮಾಡ್ತಿದೀಯ? ಸೀದು ಹೋಗ್ತಿದೆ!"

"ಎಲ್ಲಿ?"

"ಎಲ್ಲಿ ಅಂದ್ರೆ? ಮನೆ ತುಂಬಾ ಸೀದ ವಾಸನೆ!"

ಅವನು ಒಲೆ ಆರಿಸಿದ. ಅವಳು ಬಗ್ಗಿ ಬಾಣಲೆಯ ಹತ್ತಿರಕ್ಕೆ ಮುಖ ತಂದಳು. ಬಿಸಿ ಹಬೆ ತಾಗಿತು, ಅಷ್ಟೇ. ಕಾಫಿಪುಡಿಯ ಡಬ್ಬ ತೆಗೆದು ಮೂಸಿದಳು. ಇಂಗಿನ ಡಬ್ಬ ತೆಗೆದಳು. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಕೊನೆಗೆ ಗಂಡನ ಒದ್ದೆ ಭುಜಕ್ಕೆ ಮೂಗು ಒತ್ತಿ ನಿಂತಳು. ಸೋಪಿನದೂ ಇಲ್ಲ, ಅವನದೂ ಇಲ್ಲ.

"ರೀ, ಏನೂ ಬರ್ತಿಲ್ಲ" ಎಂದಳು.

ನೋಯ್ಡಾದ ಕಿವಿ ಮೂಗು ಗಂಟಲಿನ ಡಾಕ್ಟರು ನೋಡಿ, ವೈರಸ್ ಜ್ವರದಿಂದ ಹೀಗಾಗುತ್ತದೆ, ವಾಸನೆ ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಇವನ್ನು ಬೆಳಿಗ್ಗೆ ಸಂಜೆ ಮೂಸುತ್ತಾ ಹಳೆಯ ವಾಸನೆಯನ್ನು ನೆನಪಿಸಿಕೊಳ್ಳುವ ಅಭ್ಯಾಸ ಮಾಡಿ ಎಂದರು. ಅವಳು ಶ್ರದ್ಧೆಯಿಂದ ಮಾಡಿದಳು. ಕಣ್ಣು ಮುಚ್ಚಿ, ಲವಂಗದ ಶೀಶೆ ಹಿಡಿದು, ಚಳ್ಳಕೆರೆಯ ಅಡುಗೆಮನೆಯಲ್ಲಿ ಅಮ್ಮ ಪಲಾವಿಗೆ ಒಗ್ಗರಣೆ ಹಾಕುವುದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದಳು. ಅಮ್ಮ ಕಾಣುತ್ತಿದ್ದರು, ಒಗ್ಗರಣೆ ಚಟಪಟ ಎನ್ನುವುದೂ ಕೇಳುತ್ತಿತ್ತು. ಶೀಶೆಯಿಂದ ಮಾತ್ರ ಏನೂ ಬರುತ್ತಿರಲಿಲ್ಲ. ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿ ತಿಳಿಯುತ್ತಿದ್ದವು. ಉಳಿದದ್ದೆಲ್ಲ ಒದ್ದೆ ಕಾಗದ ಅಗಿದ ಹಾಗೆ.

ಆಗಲೇ ಅವಳು ಬಾಟಲಿ ಮಾಡುವುದನ್ನು ನಿಲ್ಲಿಸಬಹುದಿತ್ತು. ಇಂದುಶೇಖರ ಒಮ್ಮೆ ಹೇಳಿದ.

"ಸ್ವಲ್ಪ ದಿನ ನಿಲ್ಸು. ವಾಸನೆ ಬಂದ ಮೇಲೆ ಮಾಡಿದ್ರಾಯ್ತು."

"ಬರದಿದ್ರೆ?" ಎಂದು ಅವಳು ಕೇಳಿದಳು.

ನಿಲ್ಲಿಸಿದರೆ ಆ ಸೊಸೈಟಿಯಲ್ಲಿ ತಾನು ಯಾರು ಎನ್ನುವುದೇ ಅವಳಿಗೆ ಹೊಳೆಯುತ್ತಿರಲಿಲ್ಲ. ಹಾಗಾಗಿ ಅವಳು ಕಣ್ಣಿನಿಂದ ಅಂದಾಜು ಮಾಡುವುದನ್ನು ಕಲಿತಳು. ಈರುಳ್ಳಿಯ ಅಂಚು ಯಾವಾಗ ಕಂದುತ್ತದೆ, ಎಣ್ಣೆ ಯಾವಾಗ ಬಿಡುತ್ತದೆ, ಚರಚರ ಸದ್ದು ಯಾವಾಗ ಸಣ್ಣದಾಗುತ್ತದೆ ಎಂದು ನೋಡಿ, ಕೇಳಿ ಇಳಿಸುತ್ತಿದ್ದಳು. ಬೆಳಿಗ್ಗೆ ಮಾನೇಸರಿಗೆ ಹೊರಡುವ ಮೊದಲು ಇಂದುಶೇಖರ ಬೂಟು ಹಾಕಿಕೊಂಡೇ ಅಡುಗೆಮನೆಗೆ ಬಂದು ಬಾಟಲಿಗಳ ಮುಚ್ಚಳ ತೆಗೆದು ಮೂಸುತ್ತಿದ್ದ. ಸರಿಯಿದೆ, ಇಲ್ಲ, ಎರಡೇ ಮಾತು. ಹೇಗೆ ಸರಿಯಿದೆ ಎಂದು ಅವಳು ಕೇಳಿದರೆ ತಬ್ಬಿಬ್ಬಾಗುತ್ತಿದ್ದ. ಅವನು ಸರಿಯಿದೆ ಎಂದ ಬಾಟಲಿ ಮಾತ್ರ ಹೊರಗೆ ಹೋಗುತ್ತಿತ್ತು. ಹೊರಗಿನವರಿಗೆ ಯಾರಿಗೂ ಅವಳು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಚಳಿಗಾಲ ಹೀಗೇ ಕಳೆಯಿತು. ಡ್ರೆಸ್ಸಿಂಗು ಚೆನ್ನಾಗಿದೆ ಎಂದು ಜನ ಹೇಳುತ್ತಲೇ ಇದ್ದರು. ಒಳ್ಳೆಯ ಮಾತು ಕೇಳಿದಾಗಲೆಲ್ಲ ಅವಳಿಗೆ ಬೇರೆ ಯಾರದೋ ಮಗುವನ್ನು ಹೊಗಳಿದಂತೆ ಅನಿಸುತ್ತಿತ್ತು.

ಜೂನ್ ತಿಂಗಳಲ್ಲಿ ಕಾರ್ಖಾನೆಯಲ್ಲಿ ಹೊಸ ಯಂತ್ರಗಳನ್ನು ಕೂರಿಸುವ ಕೆಲಸ ಬಂದು ಇಂದುಶೇಖರ ಕೆಲವು ದಿನ ಮಾನೇಸರಿನ ಗೆಸ್ಟ್ ಹೌಸಿನಲ್ಲೇ ಉಳಿಯಬೇಕಾಯಿತು. ಅವನು ಹೊರಡುವ ಮುಂಚೆ ಎಲ್ಲ ಬಾಟಲಿಗಳನ್ನೂ ನೋಡಿ ಸರಿಯಿದೆ ಎಂದು ಹೇಳಿಯೇ ಹೋಗಿದ್ದ. ಅವನು ಹೋದ ಮಾರನೆಯ ದಿನ ಟವರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬ್ಯಾಕಪ್‌ನಲ್ಲಿ ದೀಪ, ಫ್ಯಾನು ಮಾತ್ರ. ಹೊರಗೆ ಲೂ ಗಾಳಿ ಬೆಂಕಿಯಂತೆ ಬೀಸುತ್ತಿತ್ತು. ಕರೆಂಟು ಮರಳಿ ಬರುವಷ್ಟರಲ್ಲಿ ಫ್ರಿಜ್ಜಿನಲ್ಲಿದ್ದ ಹಾಲು ಒಡೆದು, ಸೊಪ್ಪು ಕೊಳೆತುಹೋಗಿತ್ತು. ಧಾರಿಣಿ ಅವನ್ನೆಲ್ಲ ಎಸೆದಳು. ಬಾಟಲಿಗಳನ್ನು ಏನು ಮಾಡಬೇಕೋ ತಿಳಿಯದೆ ಹಾಗೇ ಇಟ್ಟಳು. ಇಂದುಶೇಖರ ಬಂದು ನೋಡಲಿ ಎಂದುಕೊಂಡಳು.

ಕರೆಂಟು ಬಂದ ಮಾರನೆಯ ದಿನ ಬೆಳಿಗ್ಗೆ ಭಸೀನ್ ಸಾಹೇಬರ ಫೋನ್ ಬಂತು.

"ಬೇಟಾ, ಈ ಬಿಸಿಲಿಗೆ ಬಾಯಿಗೆ ಏನೂ ಸೇರ್ತಿಲ್ಲ. ನನ್ನ ಚಟ್ನಿ ಇದೆಯಾ?"

"ಇದೆ ಅಂಕಲ್. ಆದ್ರೆ..."

"ಅಚ್ಛಾ, ಅಚ್ಛಾ. ಕುಸುಮ್ ಬ್ಯಾಂಕಿಗೆ ಹೋಗಿದ್ದಾಳೆ. ಬಾಗಿಲು ತೆಗೆದೇ ಇರುತ್ತೆ, ತಂದಿಟ್ಟುಬಿಡು."

ಅವಳು ಸಾಹೇಬರ ಬಾಟಲಿಯನ್ನು ಹೊರಗೆ ತೆಗೆದಳು. ಮತ್ತೆ ತಣ್ಣಗಾಗಿತ್ತು. ಮುಚ್ಚಳ ತೆಗೆದು ಬೆಳಕಿಗೆ ಹಿಡಿದಳು. ಹೊಂಬಣ್ಣ ಹಾಗೇ ಇತ್ತು, ಬೂಷ್ಟು ಎಲ್ಲೂ ಇರಲಿಲ್ಲ. ಚಮಚದ ತುದಿಯಿಂದ ನಾಲಿಗೆಗೆ ಮುಟ್ಟಿಸಿದಳು. ಸಿಹಿ ಇತ್ತು. ಹುಳಿ ಸ್ವಲ್ಪ ಮುಂದಾಗಿತ್ತೇ? ಇದ್ದರೂ ಇದ್ದೀತು, ತಾನೇ ವಿನೆಗರ್ ಒಂದು ಹನಿ ಹೆಚ್ಚು ಹಾಕಿರಬೇಕು. ಕೆಳಗಿನ ಮನೆಯವರ ಬಾಗಿಲು ತಟ್ಟಿ, ಸ್ವಲ್ಪ ಮೂಸಿ ನೋಡಿ ಹೇಳಿ ಎಂದು ಕೇಳಬಹುದಿತ್ತು. ನೆಲ ಒರೆಸಲು ಬರುವ ಹೆಂಗಸನ್ನು ಕಾದು ಅವಳಿಗೆ ತೋರಿಸಬಹುದಿತ್ತು. ಯಾರಿಗೆ ತೋರಿಸಿದರೂ ನಿಮಗೇ ಯಾಕೆ ಗೊತ್ತಾಗುವುದಿಲ್ಲ ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಧಾರಿಣಿ ಮುಚ್ಚಳ ತಿರುಗಿಸಿದಳು. ಎದುರು ಮನೆಯ ಊಟದ ಮೇಜಿನ ಮೇಲೆ ಬಾಟಲಿ ಇಟ್ಟು ಬಂದಳು. ಒಳಕೋಣೆಯಿಂದ ಸಾಹೇಬರು "ಜೀತೀ ರಹೋ" ಎಂದು ಹರಸಿದ್ದು ಕೇಳಿಸಿತು.

ಮಧ್ಯಾಹ್ನ ಕುಸುಮ್ ಆಂಟಿ ಮನೆಗೆ ಬಂದಾಗ ಸಾಹೇಬರು ಸೌತೆಕಾಯಿ ತಿಂದು ಮುಗಿಸಿ ಬಟ್ಟಲು ತೊಳೆಯಲು ಹಾಕಿದ್ದರು. ಸಂಜೆಗೆ ವಾಂತಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಅವರಿಗೆ ಎದ್ದು ಕೂರುವ ಶಕ್ತಿ ಇರಲಿಲ್ಲ. ಆಂಬುಲೆನ್ಸ್ ಬಂದ ಸದ್ದಿಗೆ ಹೊರಗೆ ಬಂದ ಧಾರಿಣಿ, ಸ್ಟ್ರೆಚರಿನ ಮೇಲೆ ಸುರುಟಿಕೊಂಡಿದ್ದ ಅವರನ್ನು ನೋಡಿದಳು. ಆಗಲೂ ಅವಳಿಗೆ ಹೊಳೆಯಲಿಲ್ಲ. ಬಿಸಿಲು ತಾಗಿರಬೇಕು ಎಂದುಕೊಂಡು ಗ್ಲೂಕೋಸ್, ಎಳನೀರು ಹಿಡಿದು ಆಸ್ಪತ್ರೆಗೆ ಹೋದಳು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಸುಮ್ ಆಂಟಿ ಒಬ್ಬರೇ ಕುಳಿತಿದ್ದರು. ಧಾರಿಣಿ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದಳು. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಎದುರಿನ ಗೋಡೆ ನೋಡುತ್ತಲೇ ಹಿಂದಿಯಲ್ಲಿ ಮಾತಾಡಿದರು.

"ನಿನ್ನೆ ಬ್ಯಾಂಕಿಂದ ಬಂದು, ಫ್ರಿಜ್ಜಲ್ಲಿಡೋಣ ಅಂತ ನಿನ್ನ ಬಾಟಲಿ ಎತ್ಕೊಂಡೆ. ಮುಚ್ಚಳ ತೆಗೆಯೋ ಮೊದಲೇ ನಾತ ಬಂತು ಬೇಟಾ. ಮೇಜೆಲ್ಲಾ ನಾತ."

ಧಾರಿಣಿ ಹಿಡಿದಿದ್ದ ಕೈ ಬಿಟ್ಟಳು.

"ಇವರಿಗೆ ವಯಸ್ಸಾಗಿ ಮೂಗು ಹೋಗಿದೆ. ಒಡೆದ ಹಾಲನ್ನೂ ಕುಡಿದುಬಿಡ್ತಾರೆ. ಅದಕ್ಕೇ ಎಲ್ಲವನ್ನೂ ನಾನೇ ಮೂಸಿ ಕೊಡೋದು. ನೀನು ಮಾಡಿದ್ದನ್ನ ಮಾತ್ರ ಯಾವತ್ತೂ ಮೂಸಿಲ್ಲ." ಅವರು ಈಗ ತಿರುಗಿ ನೋಡಿದರು. "ನಿನಗೆ ಹೇಗೆ ಗೊತ್ತಾಗಲಿಲ್ಲ?"

ಅವಳು ಹೇಳಿದಳು. ಚಳಿಗಾಲದ ಜ್ವರ, ಸೀದ ಬಾಣಲೆ, ಡಾಕ್ಟರು ಹೇಳಿದ್ದು, ಗಂಡ ಮೂಸಿ ನೋಡುತ್ತಿದ್ದದ್ದು, ಕರೆಂಟು ಹೋದದ್ದು. ಹೇಳುತ್ತಾ ಹೋದಂತೆ ಒಂದೊಂದೂ ನೆಪದ ಹಾಗೆ ಕೇಳಿಸತೊಡಗಿತು. ಕುಸುಮ್ ಆಂಟಿ ಎಲ್ಲ ಕೇಳಿಸಿಕೊಂಡರು.

"ಇಷ್ಟು ತಿಂಗಳು ನಮ್ಮನೆಗೆ ಬಂದು ಹೋಗ್ತಿದ್ದೆ. ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ. ಇವರಿಗೂ ಹಾಗೇ ಆಗಿದೆ ಅಂತ ನಾನು ನಕ್ಕಿರ್ತಿದ್ದೆ, ಅಷ್ಟೇ ತಾನೇ?"

ಧಾರಿಣಿ ತಂದಿದ್ದ ಎಳನೀರನ್ನು ಬೆಂಚಿನ ಮೇಲಿಟ್ಟು ಎದ್ದಳು.

ಸಾಹೇಬರು ಆಸ್ಪತ್ರೆಯಿಂದ ಮರಳಿದರು. ಆದರೆ ಮೊದಲಿನ ಸಾಹೇಬರಾಗಿ ಮರಳಲಿಲ್ಲ. ಮೂತ್ರಪಿಂಡ ಸೋತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಧಾರಿಣಿ ದಿನವೂ ಹೋಗಿ, ಕೇಳಿದ ಸಾಮಾನು ತಂದುಕೊಟ್ಟು, ಔಷಧಿ ಅಂಗಡಿಗೆ ಓಡಾಡಿ, ಅವರ ಹಾಸಿಗೆಯ ಪಕ್ಕದಲ್ಲಿ ಕೂರುತ್ತಿದ್ದಳು. ಕುಸುಮ್ ಆಂಟಿ ಬಾಗಿಲು ತೆಗೆಯುತ್ತಿದ್ದರು, ಚಹಾ ಕೊಡುತ್ತಿದ್ದರು. ಸಾಹೇಬರಿಗೆ ಏನೂ ಹೇಳಿರಲಿಲ್ಲ. ಅವರು ಒಂದು ದಿನ ಕಣ್ಣು ಬಿಟ್ಟು, "ಬೇಟಾ, ಚಟ್ನಿ ತರಲಿಲ್ವಾ?" ಎಂದರು. ಧಾರಿಣಿ ಎದ್ದು ಹೊರಗೆ ಬಂದು ಲಿಫ್ಟಿನ ಹತ್ತಿರ ಗೋಡೆಗೆ ತಲೆ ಒತ್ತಿ ನಿಂತಳು. ಕುಸುಮ್ ಆಂಟಿ ಹಿಂದೆಯೇ ಬಂದರು.

"ನಿನ್ನನ್ನ ಬಾಯಿಗೆ ಬಂದ ಹಾಗೆ ಬೈಬೇಕು ಅನ್ಸುತ್ತೆ. ಬೈದರೆ ನನಗಾದ್ರೂ ಹಗುರ ಆಗ್ತಿತ್ತು" ಎಂದರು. "ಬೈಯೋಕೆ ಆಗ್ತಾ ಇಲ್ಲ. ನಾಳೆಯಿಂದ ಬರಬೇಡ ಧಾರಿಣಿ. ನೀನು ಬಂದು ಕೂತಾಗ ನಾನು ನಿನ್ನ ಮುಖ ನೋಡ್ಕೊಂಡು ಇರಬೇಕಾಗುತ್ತೆ."

ಅವರು ಅವಳನ್ನು ಬೇಟಾ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಸಾಹೇಬರು ತೀರಿಕೊಂಡರು. ಡಾಕ್ಟರು ಹೃದಯ ನಿಂತಿತು ಎಂದರು. ಆ ವಯಸ್ಸಿಗೆ ಅದು ಯಾರಿಗೂ ಅಚ್ಚರಿಯ ಸಂಗತಿಯಾಗಿರಲಿಲ್ಲ. ಸೊಸೈಟಿಯ ಜನ ಬಂದರು, ಬಿಳಿ ಬಟ್ಟೆಯಲ್ಲಿ ಸಾಲಾಗಿ ಕುಳಿತರು. ಧಾರಿಣಿ ಎಲ್ಲರ ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ನಿಂತಿದ್ದಳು. ಇಂದುಶೇಖರ ಅವಳ ಮೊಣಕೈ ಹಿಡಿದುಕೊಂಡಿದ್ದ. ಹೊರಡುವಾಗ ಕುಸುಮ್ ಆಂಟಿ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸದ ಹಾಗೆ, "ಎಲ್ಲರಿಗೂ ಹೃದಯ ಅಂತ ಹೇಳಿದೀನಿ. ನೀನೂ ಅದನ್ನೇ ಹೇಳು" ಎಂದರು.

ಅದು ಕ್ಷಮೆಯೋ, ಇನ್ನು ಈ ಮಾತು ನಮ್ಮಿಬ್ಬರ ನಡುವೆ ಮುಗಿಯಿತು ಎಂದು ಬಾಗಿಲು ಹಾಕಿದ್ದೋ ಅವಳಿಗೆ ತಿಳಿಯಲಿಲ್ಲ. ಪೊಲೀಸರು ಬಂದು ಕೇಳಿದ್ದರೆ, ಜನ ಬೆರಳು ತೋರಿಸಿದ್ದರೆ ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳು. ಯಾರೂ ಏನೂ ಕೇಳಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರು, "ಭಾಭಿ, ಪ್ಯಾಜ್‌ವಾಲಾ ಡ್ರೆಸ್ಸಿಂಗ್ ಯಾವಾಗ ಮಾಡ್ತೀರಿ? ರಾಖಿಗೆ ನಮ್ಮನೇಲಿ ಜನ ಬರ್ತಾರೆ" ಎನ್ನುತ್ತಿದ್ದರು. ಅವಳು ಮೈ ಸರಿಯಿಲ್ಲ ಎನ್ನುತ್ತಿದ್ದಳು. ವಾಟ್ಸಾಪಿನಲ್ಲಿ ಬಂದ ಆರ್ಡರುಗಳನ್ನು ತೆರೆದೂ ನೋಡುತ್ತಿರಲಿಲ್ಲ. ಖಾಲಿ ಬಾಟಲಿಗಳನ್ನೆಲ್ಲ ಗುಜರಿ ಆಯುವ ಕಬಾಡಿ ಭಯ್ಯಾನಿಗೆ ಕೊಟ್ಟುಬಿಟ್ಟಳು.

ಲಾವಣ್ಯಾಳಿಗೆ ಮಾತ್ರ ಅವಳು ಫೋನಿನಲ್ಲಿ ನಡೆದದ್ದೆಲ್ಲ ಹೇಳಿದಳು. "ನೀನು ಬೇಕಂತ ಮಾಡಿದ್ದಲ್ಲ ಧಾರಿಣಿ, ಅವರಿಗೂ ವಯಸ್ಸಾಗಿತ್ತು" ಎಂದು ಲಾವಣ್ಯಾ ಸಮಾಧಾನ ಮಾಡಿದಳು. "ಬೇಕಂತ ಮಾಡ್ಲಿಲ್ಲ, ನಿಜ. ಬೇಕಂತ ಹೇಳ್ಲಿಲ್ಲ" ಎಂದಳು ಧಾರಿಣಿ.

ಮಳೆ ಹಿಂದೆ ಸರಿಯುತ್ತಿದ್ದಂತೆ ಜಲಂಧರಿನ ಮಗಳು ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಧಾರಿಣಿ ಬಾಲ್ಕನಿಯಿಂದ, ಲಾರಿಗೆ ಏರುತ್ತಿದ್ದ ಸೋಫಾ, ಮಂಚ, ಆ ಊಟದ ಮೇಜು ಎಲ್ಲವನ್ನೂ ನೋಡುತ್ತಾ ನಿಂತಿದ್ದಳು. ಕೆಳಗಿಳಿದು ಹೋಗಬೇಕೆಂದು ಚಪ್ಪಲಿ ಹಾಕಿಕೊಂಡಳು, ಬಿಟ್ಟಳು, ಮತ್ತೆ ಹಾಕಿಕೊಂಡಳು. ಕೊನೆಗೆ ಅವಳು ಕೆಳಗೆ ಹೋಗುವಷ್ಟರಲ್ಲಿ ಕಾರು ಗೇಟು ದಾಟಿತ್ತು.

ಆಮೇಲೆ ಒಂದು ಭಾನುವಾರ ಇಂದುಶೇಖರ, ಹೆಂಡತಿ ಹೀಗೆ ಗೋಡೆ ನೋಡುತ್ತಾ ಕೂರುವುದನ್ನು ಸಹಿಸಲಾರದೆ, ತಾನೇ ಈರುಳ್ಳಿ ಹೆಚ್ಚಲು ಕುಳಿತ. ಒಂದೊಂದು ತುಂಡು ಒಂದೊಂದು ಗಾತ್ರ.

"ನೀನು ಅಲ್ಲೇ ಕೂತು ಹೇಳು. ನಾನು ಮಾಡ್ತೀನಿ" ಎಂದ. "ಮೂಗು ನನ್ನದು, ಕೈಯೂ ನನ್ನದೇ. ನಮ್ಮಿಬ್ಬರಿಗೆ ಮಾತ್ರ. ಪನೀರ್ ಕೂಡ ತಂದಿದೀನಿ."

ಅವಳು ಬೇಡವೆನ್ನಲಿಲ್ಲ. ಸ್ಟೂಲಿನ ಮೇಲೆ ಕುಳಿತು "ಉರಿ ಸಣ್ಣ ಮಾಡಿ, ಕೈಯಾಡಿಸಿ, ಈಗ ಇಳಿಸಬೇಡಿ" ಎಂದು ಹೇಳುತ್ತಾ ಹೋದಳು. ಅವನು ಬೆವರುತ್ತಾ ಬಾಣಲೆಗೆ ಬಗ್ಗಿ ಮೂಸಿ ಮೂಸಿ, "ಘಾಟು ಹೋಯಿತು, ಈಗ ಒಂಥರಾ ಮಂಕು, ಈಗ ಸಿಹಿ, ಧಾರಿಣಿ, ಈಗ ಸಿಹಿ ಬಂತು" ಎಂದು ಹುಡುಗನ ಹಾಗೆ ಕೂಗಿದ. ಅವನ ಮುಖದಲ್ಲಿನ ಹಿಗ್ಗು ಅವಳಿಗೆ ಕಂಡಿತು. ಆ ಮುಖ ಕಂಡಿತೇ ಹೊರತು ಅದಕ್ಕೆ ಕಾರಣವಾದ ಕಂಪು ಅವಳ ಹತ್ತಿರ ಸುಳಿಯಲಿಲ್ಲ.

ರುಬ್ಬಿ, ಪನೀರಿಗೆ ಸವರಿ, ನೆನೆಯಲು ಬಿಟ್ಟು, ತವೆಯ ಮೇಲೆ ಬೇಯಿಸಿ ತಟ್ಟೆಗೆ ಹಾಕಿದ. ಉಳಿದದ್ದನ್ನು ಸೌತೆಕಾಯಿಯ ಮೇಲೆ ಸುರಿದ. ಧಾರಿಣಿ ಪನೀರಿನ ಒಂದು ತುಂಡು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು. ಸಿಹಿ. ಸ್ವಲ್ಪ ಹುಳಿ. ಮೃದು. ಇದು ತಾಜಾ ಎಂದಾಗಲಿ, ಕೆಟ್ಟದ್ದೆಂದಾಗಲಿ ಅವಳ ಬಾಯಿ ಹೇಳಲಿಲ್ಲ. ಅಂದು ಚಮಚದ ತುದಿಯಿಂದ ನೆಕ್ಕಿದ್ದೂ ಹೀಗೇ ಇತ್ತು. ಅವಳು ನುಂಗಲಾರದೆ ಎದ್ದು ಸಿಂಕಿಗೆ ಉಗುಳಿದಳು.

"ಚೆನ್ನಾಗಿದೆ ಧಾರಿಣಿ. ನಿಜವಾಗ್ಲೂ ಚೆನ್ನಾಗಿದೆ" ಎಂದ ಇಂದುಶೇಖರ ಹಿಂದಿನಿಂದ.

"ಇರಬಹುದು ರೀ" ಎಂದಳು ಅವಳು, ನಲ್ಲಿ ತಿರುಗಿಸಿ. "ನನ್ನ ಮುಂದೆ ಇನ್ನು ಮಾಡಬೇಡಿ."

ಅವನು ತಟ್ಟೆಯಲ್ಲಿದ್ದದ್ದನ್ನು ಒಬ್ಬನೇ ಕೂತು ತಿನ್ನಲೂ ಆಗದೆ, ಚೆಲ್ಲಲೂ ಮನಸ್ಸಾಗದೆ, ಮುಚ್ಚಿ ಪಕ್ಕಕ್ಕಿಟ್ಟ. ಕೆಳಗೆ ಪಾರ್ಕಿನಲ್ಲಿ ಯಾರದೋ ಮನೆಯ ಹುಟ್ಟುಹಬ್ಬಕ್ಕೆ ಸ್ಪೀಕರ್ ಕಟ್ಟುತ್ತಿದ್ದರು. ಧಾರಿಣಿ ಬಾಣಲೆ ತಿಕ್ಕುತ್ತಿದ್ದಳು. ಅದು ಎಂದೋ ಶುಚಿಯಾಗಿತ್ತು, ಆದರೂ ತಿಕ್ಕುತ್ತಲೇ ಇದ್ದಳು.